ಕರಗುವ ಥಾಲೋಸಯನೀನ್: ಪುಟ್ಟಿಗೆ ದೊಡ್ಡಪ್ಪನ ಪತ್ರ

ಪುಣೆ

ಚಿ. ಪುಟ್ಟಿಗೆ ಆಶೀರ್ವಾದಗಳು.

ಮಾಟುಂಗದ ಲ್ಯಾಬಿನಲ್ಲಿ ಥಾಲೋಸಯನೀನ್ (ನೀಲಿ-ಹಸಿರು ಬಣ್ಣದ ವಸ್ತು) ಕೆಲಸ ಹಿಡಿದಿದ್ದೀಯೆಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷ. ಶುರುವಿಗೆ ಮುಂಚೆ ಇದನ್ನು ಓದಿಕೋ.

ಬೇರೆ ಗುಂಪು ಅಂಟಿಸದ ಬರೀ ಥಾಲೋಸಯನೀನ್ ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗೀತೇ ಹೊರತು ಟಾಲ್ವೀನ್, ಕ್ಲೋರೋಫಾರ್ಮ್‌ಗೆಲ್ಲ ಜಗ್ಗುವುದಿಲ್ಲ. ಚಪ್ಪಟೆ ಅಣುಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಕರಗಬೇಕೋ ಬೇಡವೋ ಎಂಬುದು, ನಾಲ್ಕು ಸೇರಿ ಥಾಲೋಸಯನೀನ್ ಆಗುವ ಥ್ಯಾಲೋನೈಟ್ರೈಲ್ ಮಾಡುವಾಗಲೇ ತೀರ್ಮಾನವಾಗುತ್ತದೆ. ಅದರ ಉಂಗುರದ 4ನೇ ಜಾಗದಲ್ಲಿ ಟರ್ಷಿಯರಿ ಬ್ಯುಟೈಲ್ ಗುಂಪು ಇಟ್ಟರೆ ಕೆಲಸ ಸುಲಭ, ಆದರೆ ನಾಲ್ಕು ಐಸೋಮರ್‌ಗಳ (ಪರಮಾಣುಗಳು ಅವೇ, ಜೋಡಣೆ ಬೇರೆ) ಬೆರಕೆ ಸಿಗುತ್ತದೆ. 3 ಮತ್ತು 6ರಲ್ಲಿ ಎರಡೂ ಕಡೆ ಹೆಕ್ಸೈಲ್ (ಆರು ಇಂಗಾಲದ ಸರಪಳಿ) ಇದ್ದರೆ ಒಂದೇ ವಸ್ತು. ಅಲ್ಲಿಗೆ ಹೋಗಲು ಫ್ಯುರಾನಿನಿಂದ ಹೊರಡುವ ಡೀಲ್ಸ್-ಆಲ್ಡರ್ ದಾರಿಯೇ (ಎರಡು ಅಣು ಕೂಡಿ ಆರರ ಉಂಗುರವಾಗುವ ಕ್ರಿಯೆ) ನನಗೆ ಮೆಚ್ಚು.

ಫ್ಯುರಾನ್ 31 ಡಿಗ್ರಿಗೇ ಕುದಿಯುತ್ತದೆ. ಮುಂಬಯಿ ಮೇ ತಿಂಗಳಲ್ಲಿ ಬಾಟಲಿ ಐಸಿನಲ್ಲಿಡದೆ ಮುಚ್ಚಳ ತೆಗೆಯಬೇಡ. ಒಣ ಟಿಎಚ್‌ಎಫ್‌ನಲ್ಲಿ (ಟೆಟ್ರಾಹೈಡ್ರೋಫ್ಯುರಾನ್ ಎಂಬ ದ್ರಾವಕ) ಫ್ಯುರಾನಿಗೆ ಬ್ಯುಟೈಲ್ ಲಿಥಿಯಂ, ಆಮೇಲೆ ಬ್ರೋಮೋಹೆಕ್ಸೇನ್. ಇದನ್ನೇ ಇನ್ನೊಮ್ಮೆ ಮಾಡಿದರೆ 2,5-ಡೈಹೆಕ್ಸೈಲ್ ಫ್ಯುರಾನ್. ಮಳೆಗಾಲದ ತೇವ ಬ್ಯುಟೈಲ್ ಲಿಥಿಯಮ್ಮನ್ನು ತಿಂದುಹಾಕುತ್ತದೆ, ಆರ್ಗಾನ್ ಬಿಡದೆ ಹರಿಯಲಿ.

ಮುಂದಿನದೇ ಎಡವುವ ಜಾಗ. ಈ ಫ್ಯುರಾನ್ 23.6 ಗ್ರಾಂ, ಫ್ಯುಮರೋನೈಟ್ರೈಲ್ 7.8 ಗ್ರಾಂ, ತೀರಾ ಕಡಿಮೆ ಅಸಿಟೋನ್. ಫ್ರಿಜ್‌ನಲ್ಲಿ ಕೆಲವು ದಿನ ಬಿಡು. ಬೇಗ ಆಗಲೆಂದು ಬಿಸಿ ಮಾಡಿದೆಯೋ, ಅಡಕ್ಟ್ (ಎರಡೂ ಕೂಡಿ ಆದ ಅಣು) ಬಂದ ದಾರಿಯಲ್ಲೇ ವಾಪಸ್ಸಾಗಿ ಮತ್ತೆ ಫ್ಯುರಾನ್ ಆಗುತ್ತದೆ. ಅಸಿಟೋನ್ ತೆಗೆಯುವಾಗಲೂ ರೋಟಾವೇಪರ್ (ದ್ರಾವಕ ಆವಿಮಾಡಿ ತೆಗೆಯುವ ಯಂತ್ರ) ಬಾತ್ ತಣ್ಣಗಿರಲಿ. ಶುದ್ಧಮಾಡಲು ಹೋಗದೆ ಒಣ ಟಿಎಚ್‌ಎಫ್‌ನಲ್ಲಿ ಕರಗಿಸಿ, ಡ್ರೈ ಐಸ್-ಅಸಿಟೋನಿನಲ್ಲಿ ಮೈನಸ್ 78ಕ್ಕೆ ಇಳಿಸಿ, ಲಿಥಿಯಂ ಹೆಕ್ಸಾಮೀಥೈಲ್ ಡೈಸಿಲಜೈಡ್ ಎಂಬ ಪ್ರಬಲ ಪ್ರತ್ಯಾಮ್ಲ ಹನಿಹನಿಯಾಗಿ ಹಾಕು. ಆಮ್ಲಜನಕದ ಸೇತುವೆ ಬಿಚ್ಚಿ, ನೀರು ಕಳೆದು, ಉಂಗುರ ಬೆಂಜೀನಾಗುತ್ತದೆ; ಅದೇ ನಿನ್ನ ಥ್ಯಾಲೋನೈಟ್ರೈಲ್. ಅವಸರಪಟ್ಟು ಸುರಿದರೆ ಉಳಿದ ಫ್ಯುಮರೋನೈಟ್ರೈಲ್ ಕಪ್ಪು ಟಾರಾಗಿ ಕಾಲಮ್ (ವಸ್ತು ಬೇರ್ಪಡಿಸುವ ಕೊಳವೆ) ಕೆಡಿಸುತ್ತದೆ. ಫ್ಯುಮರೋನೈಟ್ರೈಲ್ ವಿಷ, ಆವಿಯೂ ಆಗುತ್ತದೆ. ತೂಗುವುದು ಆವಿ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ.

ಥ್ಯಾಲೋನೈಟ್ರೈಲನ್ನು ಒಣ ಪೆಂಟನಾಲ್‌ನಲ್ಲಿ ರಿಫ್ಲಕ್ಸ್‌ಗಿಟ್ಟು (ಆವಿ ತಣಿದು ಮರಳುವಂತೆ ಕುದಿಸಿ) ಲಿಥಿಯಂ ಚೂರು ಚೂರಾಗಿ ಹಾಕಿದರೆ ಹಸಿರು ಏರುತ್ತದೆ. ಕೆಲವು ಗಂಟೆ ಬಿಟ್ಟು, ತಣಿಸಿ, ಅಸಿಟಿಕ್ ಆಮ್ಲ, ಆಮೇಲೆ ಮೆಥನಾಲ್. ನಾಲ್ಕರಲ್ಲೊಂದು ಪಾಲು ಕೈಗೆ ಬಂದರೂ ಚೆನ್ನಾಯಿತೆನ್ನು, ಪಕ್ಕದ ಹೆಕ್ಸೈಲ್‌ಗಳ ನೂಕುನುಗ್ಗಲು ಅಷ್ಟಿದೆ.

ಒಂದೇ ಕಡೆ ಹೈಡ್ರಾಕ್ಸಿ ಗುಂಪು ಬೇಕಾದರೆ ಹೆಕ್ಸೈಲ್ ಇರುವುದು, ಹೈಡ್ರಾಕ್ಸಿ ಇರುವುದು, ಹೀಗೆ ಎರಡು ಥ್ಯಾಲೋನೈಟ್ರೈಲ್ ಬೆರೆಸು. ಎರಡರ ಚುರುಕೂ ಸಮವಿದ್ದರೆ 3:1ರಲ್ಲಿ (ಹೆಕ್ಸೈಲ್ ಇರುವುದು ಮೂರು ಪಾಲು) ನಿನಗೆ ಬೇಕಾದದ್ದು ಶೇ. 42, ಆದರೆ ಬೇರ್ಪಡಿಸಲು ತಲೆನೋವು. 9:1ರಲ್ಲಿ ಶೇ. 29 ಮಾತ್ರ; ಮಿಕ್ಕದ್ದು ಹೆಚ್ಚುಕಡಿಮೆ ಬರೀ ಹೆಕ್ಸೈಲ್‌ನದೇ, ಅದು ಕಾಲಮ್‌ನಲ್ಲಿ ಮೊದಲೇ ಇಳಿದುಹೋಗುತ್ತದೆ. ನಾನಾದರೆ 9:1 ಹಿಡಿಯುತ್ತೇನೆ. ಹೈಡ್ರಾಕ್ಸಿ ಬದಲು ಎಸ್ಟರ್ ಮಾತ್ರ ಇಡಬೇಡ: ಲಿಥಿಯಂ ಪೆಂಟನಾಲ್ ಸೇರಿ ಆಗುವ ಪೆಂಟಾಕ್ಸೈಡ್ ಅದನ್ನು ಪೆಂಟೈಲ್ ಎಸ್ಟರ್ ಮಾಡಿಬಿಡುತ್ತದೆ.

ಬೆಳಕು ಹೀರುವ ಸ್ಪೆಕ್ಟ್ರಮ್ ತೆಗೆದಾಗ, ಲೋಹವಿಲ್ಲದ್ದಾದರೆ 730, 695 ನ್ಯಾನೋಮೀಟರ್ ಆಸುಪಾಸು ಎರಡು ಶಿಖರ ಕಾಣಬೇಕು. ಸತು ಹೊಕ್ಕರೆ 700ರ ಹತ್ತಿರ ಒಂದೇ. ಎಡಕ್ಕೆ ಅಗಲವಾದ ಭುಜ (ಶಿಖರದ ಪಕ್ಕದ ಉಬ್ಬು) ಕಂಡರೆ ದ್ರಾವಣ ತೆಳುಮಾಡಿ ಮತ್ತೆ ನೋಡು. ಭುಜ ಕರಗಿದರೆ ಅಣುಗಳು ಅಂಟಿಕೊಂಡಿದ್ದವು, ಹಾಗೇ ಉಳಿದರೆ ಕಾಲಮ್ ಇನ್ನೊಮ್ಮೆ ಹಾಕಬೇಕು. ಸ್ಪೆಕ್ಟ್ರಮ್ ಕಳಿಸು.

ನಿನ್ನ ದೊಡ್ಡಪ್ಪ