ವೀಣೆ ತಡವಾಗುತ್ತಿರುವುದರ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯರೇ,

ನವರಾತ್ರಿಯೊಳಗೆ ಕೊಡುತ್ತೇವೆಂದು ಒಪ್ಪಿಕೊಂಡ ಕೆಲವು ವೀಣೆಗಳನ್ನು ಕೊಡಲಾಗಲಿಲ್ಲ. ವೀಣೆಗೆ ಬೇಕಾದ ಒಣಗಿದ ಹಲಸಿನ ಮರದ ಹಳೇ ದಾಸ್ತಾನು ಮುಗಿದಿರುವಾಗಲೂ ಹಳೇ ಗಡುವನ್ನೇ ಹೇಳಿದ್ದು ನಮ್ಮ ತಪ್ಪು. ಕ್ಷಮೆ ಇರಲಿ. ಇನ್ನು ಮುಂದೆ ಮುಂಗಡ ಕೊಟ್ಟ ದಿನದಿಂದ 14 ತಿಂಗಳು ಕಾಯಬೇಕು. ದರವೂ 6,500 ರೂಪಾಯಿ ಹೆಚ್ಚಾಗಿದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ದರವೇ.

ಮರದ ನೆಪ ಹೇಳಿ ದರ ಏರಿಸಿದರು ಎಂಬ ಮಾತು ನಮಗೆ ನೋವು ತಂದಿದೆ. ದುಡ್ಡು ಕೊಡುವುದು ಇಡೀ ದಿಮ್ಮಿಗೆ, ವೀಣೆಗೆ ಒದಗುವುದು ಅದರ ಹಳದಿ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಮಾತ್ರ. ಹೊರಗಿನ ಬಿಳಿ ಮರಕ್ಕೆ ಹುಳು ಬೀಳುತ್ತದೆ. ನಡುವಿನ ತಿರುಳಿನಿಂದ ಸೀಳು ಏಳುತ್ತದೆ. ಗಂಟಿದ್ದ ಕಡೆ ಎಳೆ ತಿರುಚಿಕೊಂಡಿರುತ್ತದೆ. ಇಷ್ಟೂ ಸೌದೆಗೆ ಹೋಗುತ್ತದೆ, ಆದರೆ ಲಾರಿ ಬಾಡಿಗೆ, ಕೊಯ್ಯಿಸಿದ ಕೂಲಿ ಅದಕ್ಕೂ ಸೇರಿಯೇ ಬಿದ್ದಿರುತ್ತದೆ.

ಎಲ್ಲರೂ ಕೇಳುವುದು ಒಂದೇ: "ಬಾಗಿಲು, ಕಿಟಕಿ ಮರ ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆ) ಕೆಲವೇ ದಿನಕ್ಕೆ ಒಣಗುತ್ತದಲ್ಲ, ನಿಮ್ಮದಕ್ಕೇಕೆ ವರ್ಷ?" ಒಂದು ಅಂಗುಲದ ಹಲಗೆಯ ಮಾತು ಬೇರೆ. ಕೊಡ, ಅಂದರೆ ವೀಣೆಯ ದುಂಡನೆಯ ಟೊಳ್ಳು ಬುಡ, ಕೊರೆಯುವ ತುಂಡು ಒಂದಡಿಗೂ ಮಿಕ್ಕಿದ ಅಗಲದ್ದು. ಅವಸರದ ಬಿಸಿಗೆ ಅದರ ಹೊರಮೈ ಮೊದಲು ಒಣಗಿ ಬಿಗಿದುಕೊಳ್ಳುತ್ತದೆ, ಒಳಗೆ ನೀರು ಹಾಗೇ ಉಳಿಯುತ್ತದೆ. ನೋಡುವುದಕ್ಕೆ ಒಣಮರವೇ. ಉಳಿ ಒಳಗಿಳಿದಾಗ ಆ ಬಿಗಿ ಸಡಿಲಿ ಕೊಡದ ಬಾಯಿ ಸೊಟ್ಟಗಾಗುತ್ತದೆ. ಆಗ ಆಗದಿದ್ದರೆ ನಿಮ್ಮ ಮನೆಯಲ್ಲಿ, ಮೇಲ್ಹಲಗೆಯ ಬೆಸುಗೆ ಬಿಡುತ್ತದೆ.

ಆದ್ದರಿಂದ ಕೊಡವನ್ನು ಹಸಿ ಇದ್ದಾಗಲೇ ಒರಟಾಗಿ ತೋಡಿ, ಗೋಡೆ ಒಂದೂವರೆ ಅಂಗುಲ ಬಿಡುತ್ತೇವೆ. ನೀರು ಬೇಗ ಹೋಗುವುದು ಕೊಯ್ದ ತುದಿಗಳಿಂದ, ಅಲ್ಲಿಗೆ ಅದೇ ದಿನ ಮೇಣ ಬಳಿಯಬೇಕು. ಒಂದು ದಿನ ಮೈಮರೆತರೂ ತುದಿ ಸೀಳುತ್ತದೆ. ಆಮೇಲೆ ನೆರಳಲ್ಲಿ, ನೇರ ಗಾಳಿ ಬಡಿಯದ ಕಡೆ, ಪಟ್ಟಿಗಳ ಮೇಲೆ ಬೋರಲು. ಮರ ತನ್ನ ಬೆಳವಣಿಗೆಯ ಬಳೆಗಳ ಗುಂಟ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ, ಸುಮಾರು ಅದರರ್ಧ. ಹಾಗಾಗಿ ದುಂಡಗೆ ತೋಡಿದ್ದು ಒಣಗುವಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆ ಹೆಚ್ಚುವರಿ ದಪ್ಪ ಇರುವುದೇ ಅದನ್ನು ಮತ್ತೆ ದುಂಡಗೆ ಮಾಡಿಕೊಳ್ಳಲು. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಸೀಮೆಸುಣ್ಣದಲ್ಲಿ ಕೊಡದ ಮೇಲೇ ಬರೆಯುತ್ತೇವೆ. ಮೂರು ತಿಂಗಳು ತೂಕ ಇಳಿಯದೆ ನಿಂತ ಮೇಲೇ ಗೋಡೆಯನ್ನು ಕಾಲು ಅಂಗುಲದ ಆಸುಪಾಸಿಗೆ ತರುವುದು.

ದಂಡಿಯ, ಅಂದರೆ ವೀಣೆಯ ಉದ್ದನೆಯ ಕತ್ತಿನ, ವಿಷಯ ಇನ್ನೂ ಸೂಕ್ಷ್ಮ. ಅದು ತಂತಿಯ ದಪ್ಪದಷ್ಟು ಬಾಗಿದರೂ 24 ಮೆಟ್ಟಿಲಲ್ಲಿ ಎಲ್ಲೋ ಒಂದು ಝರ್ ಎನ್ನುತ್ತದೆ, ಮೆಟ್ಟಿಲು ಕೂರಿಸಿದ ಮೇಣ ಕಿತ್ತು ಮೇಳ ಹೊಸದಾಗಿ ಕಟ್ಟಬೇಕು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಮತ್ತೆ ಕೂರಿಸಬೇಕು.

ನಿಮ್ಮ ಹೆಸರು ಬರೆದ ಕೊಡ ಕೊಟ್ಟಿಗೆಯಲ್ಲಿದೆ, ಯಾವಾಗ ಬೇಕಾದರೂ ಬಂದು ತೂಗಿಸಿ ನೋಡಿ. ಮನೆಗೆ ಒಯ್ದ ಮೇಲೆ ಎ.ಸಿ. ಗಾಳಿ ನೇರವಾಗಿ ಬೀಳುವ ಜಾಗದಲ್ಲಿ ಮಾತ್ರ ಇಡಬೇಡಿ. ಮೂರು ವರ್ಷದೊಳಗೆ ಕೊಡ ಬಿರಿದರೆ ತನ್ನಿ, ಕಾಸು ಕೇಳದೆ ಸರಿಮಾಡಿಕೊಡುತ್ತೇವೆ. ಮೊದಲನೇ ಸಲದ ಮೇಳವೂ ಹಾಗೆಯೇ.

ಇಂತು,
ಸಂಘದ ಕುಶಲಕರ್ಮಿಗಳ ಪರವಾಗಿ,
ಕಾರ್ಯದರ್ಶಿ