ಬೇಸ್‌ಬಾಲ್ ಲಕೋಟೆಗಳು: ಶುಕ್ರವಾರದೊಳಗೆ ಸ್ಕ್ಯಾನ್ ಪ್ರತಿ ಕಳುಹಿಸಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಯ ಆನ್‌ಲೈನ್ ಸಭೆಯಲ್ಲಿ ಅಮೆರಿಕದ ಹಳೆಯ ಬೇಸ್‌ಬಾಲ್ ಸಚಿತ್ರ ಲಕೋಟೆಗಳನ್ನು ನೋಡಲಿದ್ದೇವೆ. ಅಂಥವು ಇರುವವರು ಶುಕ್ರವಾರ ರಾತ್ರಿಯೊಳಗೆ ಎರಡೂ ಬದಿಯ ಸ್ಕ್ಯಾನ್ ಪ್ರತಿಗಳನ್ನು ಇಲ್ಲಿಗೇ ಕಳುಹಿಸಬೇಕಾಗಿ ವಿನಂತಿ.

ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು 1939ರ ಜೂನ್ 12ರಂದು, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರನ್ನು ಗೌರವಿಸುವ ವಸ್ತುಸಂಗ್ರಹಾಲಯ) ಉದ್ಘಾಟನೆಯಾದ ದಿನವೇ, 3 ಸೆಂಟಿನ ನೇರಳೆ ಅಂಚೆಚೀಟಿಯೊಂದಿಗೆ ಹೊರಬಂದ ಮೊದಲ ದಿನದ ಲಕೋಟೆಗಳು, ಅಂದರೆ ಚೀಟಿ ಬಿಡುಗಡೆಯಾದ ದಿನದ್ದೇ ಅಂಚೆಮುದ್ರೆ ಇರುವಂಥವು. ಚೀಟಿ ಒಂದೇ ಆದರೂ ಎಡಬದಿಯ ಚಿತ್ರವನ್ನು ಬೇರೆ ಬೇರೆ ಮುದ್ರಕರು ತಮ್ಮದೇ ರೀತಿಯಲ್ಲಿ ರೂಪಿಸಿದ್ದರಿಂದ, ಸಂಗ್ರಹದ ನಿಜವಾದ ಸ್ವಾರಸ್ಯ ಅಲ್ಲಿಯೇ ಇದೆ. ಆ ಭಾಗ ಸ್ಪಷ್ಟವಾಗಿ ಕಾಣಬೇಕು. 19ನೇ ಶತಮಾನದ ಕ್ರೀಡಾಸಾಮಗ್ರಿ ವ್ಯಾಪಾರಿಗಳ ಜಾಹೀರಾತು ಲಕೋಟೆ ಯಾರಲ್ಲಾದರೂ ಇದ್ದರೆ ಮೊದಲೇ ತಿಳಿಸಿ, ಅದಕ್ಕೆ ಹೆಚ್ಚು ಸಮಯ ಮೀಸಲಿಡುತ್ತೇನೆ.

ಅಂಚೆಚೀಟಿಯನ್ನು ದಯವಿಟ್ಟು ಲಕೋಟೆಯಿಂದ ಬಿಡಿಸಬೇಡಿ. ಲಕೋಟೆಯನ್ನು ಪಿವಿಸಿ ಪ್ಲಾಸ್ಟಿಕ್ ಹಾಳೆಯೊಳಗೂ ಇಡಬೇಡಿ. ಕಳೆದ ಮಳೆಗಾಲದಲ್ಲಿ ನನ್ನ ಬೀರುವಿನಲ್ಲಿದ್ದ ಒಂದು ಲಕೋಟೆಯ ಅಂಚಿನುದ್ದಕ್ಕೂ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಮೂಡಿದ್ದನ್ನು ಕಂಡು ಬಹಳ ನೊಂದಿದ್ದೇನೆ.

ಸಭೆಗೆ ಬರುವವರು, ಲಕೋಟೆ ಇಲ್ಲದವರೂ ಸೇರಿದಂತೆ, ನಾಳೆ ಸಂಜೆಯೊಳಗೆ ‘ಬರುತ್ತೇನೆ’ ಎಂದು ಉತ್ತರಿಸಿ ಸಹಕರಿಸಬೇಕು.