ಉದ್ರಿಯಿಲ್ಲದ ಬಿತ್ತಿಗೆ

ಚಿ. ಸೌ. ಅಕ್ಕನ ಮಗಳಿಗೆ, ಸಿಂಧನೂರಿನಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಕುಷ್ಟಗಿ ಕಡೆ ಹೊಲ ಹದಕ್ಕೆ ಬಂದಿದೆ ಎಂದು ಕೇಳಿ ಸಂತೋಷವಾಯಿತು. ಗೃಹಲಕ್ಷ್ಮಿಯ ಬಾಕಿ ಕಂತುಗಳು ಒಮ್ಮೆಗೇ ಜಮಾ ಆಗಿವೆ, ಏನು ಮಾಡಲಿ ಮಾವ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಬಾಯಿಮಾತಿನ ಲೆಕ್ಕ ನಿಲ್ಲುವುದಿಲ್ಲವೆಂದು ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿ ಹೇಳು.

ತಿಂಗಳಿಗೆ 2,000ದಂತೆ ವರ್ಷಕ್ಕೆ 24,000. ಕಿಸಾನ್ ಸಮ್ಮಾನ್ ನಿಮ್ಮ ಮನೆಗೆ ಇನ್ನೂ ಶುರುವಾಗಿಲ್ಲ. ಶುರುವಾದರೆ ವರ್ಷಕ್ಕೆ 2,000ದಂತೆ ಮೂರು ಕಂತು, 6,000. ಎರಡೂ ಸೇರಿ 30,000. ಯಾವುದಕ್ಕೆ ಖರ್ಚು ಮಾಡಿದೆ ಎಂದು ಯಾರೂ ಕೇಳುವುದಿಲ್ಲ, ರಸೀದಿ ತೋರಿಸಬೇಕಿಲ್ಲ. ಬೀಜಕ್ಕೆ ಕೊಟ್ಟ ಸಬ್ಸಿಡಿಯಿಂದ ಮಗುವಿನ ಜ್ವರಕ್ಕೆ ಔಷಧ ತರಲಾಗದು. ಈ ರೊಕ್ಕದಿಂದ ಎರಡನ್ನೂ ತರಬಹುದು. ಇದರ ಗುಣವೂ ಅದೇ, ಅಪಾಯವೂ ಅದೇ.

ಮೂರು ಎಕರೆ ಮಸಾರಿ ಹೊಲದವರನ್ನು ನೆಲಕ್ಕೆ ಹಾಕುವುದು ಮಳೆಗಿಂತ ಹೆಚ್ಚು ಉದ್ರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೃಗಶಿರಾ ಮಳೆ ಬಿದ್ದ ಕೂಡಲೇ ಬೀಜ ಬೇಕು, ಗೊಬ್ಬರ ಬೇಕು, ಕೈ ಖಾಲಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 10,000 ಎತ್ತಿದರೆ, ಜೂನಿನಿಂದ ತೊಗರಿ ರಾಶಿಯಾಗುವ ಜನವರಿವರೆಗೆ ಎಂಟು ತಿಂಗಳಿಗೆ 2,400 ಬಡ್ಡಿ. ಇದು ಕಣ್ಣಿಗೆ ಕಾಣುವ ಬಡ್ಡಿ. ಉದ್ರಿ ಗಿರಾಕಿ ಅಂಗಡಿಯವರು ಕೊಟ್ಟ ಬೀಜವನ್ನೇ ಒಯ್ಯಬೇಕು, ಹೇಳಿದ ದರವನ್ನೇ ಒಪ್ಪಬೇಕು. ಕೊನೆಗೆ ಮಾಲು ಅವರ ತಕ್ಕಡಿಗೇ, ಅವರು ಕರೆದ ದಿನಕ್ಕೇ ಹೋಗಬೇಕು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಇತ್ತು. ಆದರೆ ಖರೀದಿ ಕೇಂದ್ರ ತೆರೆಯುವ ತನಕ ಕಾಯಬೇಕು, ತೂಕವಾದ ಮೇಲೆ ರೊಕ್ಕ ಖಾತೆಗೆ ಬೀಳುವ ತನಕವೂ ಕಾಯಬೇಕು. ಬಾಗಿಲಿಗೆ ಸಾಲಗಾರ ಬಂದು ನಿಂತ ಮನೆಗೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಐದು ಕ್ವಿಂಟಲ್ ಬೆಳೆದವರು ಕ್ವಿಂಟಲಿಗೆ ಸಾವಿರ ಬಿಟ್ಟುಕೊಟ್ಟರೆ ಅಲ್ಲಿಗೆ ಇನ್ನೊಂದು 5,000 ಹೋಯಿತು.

ಹಾಗಾಗಿ ಈ ವರ್ಷ ಒಂದೇ ಗುರಿ ಇಟ್ಟುಕೋ: ಬರುವ ಜೂನಿನ ಬಿತ್ತಿಗೆ ಉದ್ರಿಯಿಲ್ಲದೆ ಆಗಬೇಕು. ಇಡೀ ರೊಕ್ಕ ಕಟ್ಟಿಡು ಎಂದು ಹೇಳುವುದಿಲ್ಲ, ಅದು ಆಗದ ಮಾತು. ಪ್ರತಿ 2,000ದಲ್ಲಿ 1,200 ಮನೆಗೆ, 800 ಹೊಲಕ್ಕೆ. ಆಷಾಢ, ಶ್ರಾವಣದಲ್ಲಿ ಕಣಜ ತಳ ಕಾಣುವಾಗ ಬೇಳೆ, ಎಣ್ಣೆ, ಮಕ್ಕಳಿಗೆ ಮೊಟ್ಟೆಗೆ ಆ 1,200 ಬೇಕೇ ಬೇಕು. ಅದರಲ್ಲಿ ಕೈ ಬಿಗಿ ಹಿಡಿಯಬೇಡ. ಹೊಲದ 800 ವರ್ಷಕ್ಕೆ 9,600 ಆಗುತ್ತದೆ, ಕಿಸಾನ್ ಕಂತಿನ 6,000 ಸೇರಿದರೆ 15,600. ತೊಗರಿಗೆ ಎಕರೆಗೆ ಸಾರಜನಕ 10 ಕಿಲೊ, ರಂಜಕ 20 ಕಿಲೊ ಹಾಕಬೇಕು, ಹೆಚ್ಚುಕಡಿಮೆ ಒಂದು ಚೀಲ ಡಿಎಪಿ. ಚೀಲಕ್ಕೆ 1,350ರಂತೆ ಮೂರು ಎಕರೆಗೆ 4,050. ಗೊಬ್ಬರವನ್ನು ಎರಚಬೇಡಿ, ಕೂರಿಗೆಯಲ್ಲಿ ಸಾಲಿಗೇ ಬಿಡಿ. ಬೀಜ ಎಕರೆಗೆ 5 ಕಿಲೊ ಸಾಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿಎಸ್-3ಆರ್ ತಳಿ ನೆಟೆ ರೋಗ ತಡೆಯುತ್ತದೆ. ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ ಎಂಬ ರೋಗ ತಡೆಯುವ ಜೈವಿಕ ಪುಡಿ ಹಚ್ಚಿ ನೆರಳಲ್ಲಿ ಆರಿಸಿ ಬಿತ್ತಬೇಕು. ಮನೆಗೆ ರೊಟ್ಟಿ, ದನಕ್ಕೆ ಮೇವು ಬೇಕೆಂದರೆ ಒಂದು ಎಕರೆಯಲ್ಲಾದರೂ ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ ಹಾಕುವುದು ಒಳ್ಳೆಯದು.

ಮಿಕ್ಕ ರೊಕ್ಕವನ್ನು ಬಿತ್ತಿಗೆಯಲ್ಲೇ ಮುಗಿಸಬೇಡಿ. ತೊಗರಿ ಕೈಗೆ ಬರುವುದೋ ಬಿಡುವುದೋ ತೀರ್ಮಾನವಾಗುವುದು ಹೂ ಬಿಟ್ಟಾಗ, ಕೈಯಲ್ಲಿ ಬಿಡಿಗಾಸೂ ಇಲ್ಲದ ಹೊತ್ತಿನಲ್ಲಿ. 45-50 ದಿನಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತವೆ, ಅದಕ್ಕೆ ಮನೆಯವರ ಕೈ ಸಾಕು. ಅರ್ಧದಷ್ಟು ಹೂ ಬಿಟ್ಟಾಗ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಪುಡಿಯನ್ನು ಲೀಟರ್ ನೀರಿಗೆ 10 ಗ್ರಾಂ, ಎಕರೆಗೆ 2 ಕಿಲೊ ಲೆಕ್ಕದಲ್ಲಿ ಸಿಂಪಡಿಸಿ; 15 ದಿನ ಬಿಟ್ಟು ಇನ್ನೊಮ್ಮೆ. ಹೂ ಉದುರುವುದು ಕಡಿಮೆಯಾಗುತ್ತದೆ. ಕಾಯಿಕೊರಕದ ಮೊಟ್ಟೆ ಕಂಡಾಗಲೇ ಪ್ರೊಫೆನೊಫಾಸ್ ಲೀಟರಿಗೆ 2 ಮಿ.ಲೀ. ಹೊಡೆಯಬೇಕು. ಹುಳ ಬಲಿತು ಕಾಯಿಯೊಳಗೆ ತಲೆಯಿಟ್ಟ ಮೇಲೆ ಎಷ್ಟು ಹೊಡೆದರೂ ಔಷಧದ ರೊಕ್ಕ ದಂಡ. ಸಾಲ ಹುಟ್ಟುವ ತನಕ ಹತ್ತು ದಿನ ತಡವಾಗುವುದೂ, ಬೆಳೆ ಅರ್ಧಕ್ಕೆ ಇಳಿಯುವುದೂ ಹೀಗೆಯೇ. ಅದಕ್ಕೇ ಒಂದು 3,000 ಹೂವಿನ ಕಾಲಕ್ಕೆಂದು ಮುಟ್ಟದೆ ಇಡು.

ಇನ್ನು ಕಾಗದಪತ್ರ. ಹೊಲ ಇನ್ನೂ ನಿನ್ನ ಮಾವನವರ ಹೆಸರಿನಲ್ಲೇ ಇದೆ, ಅವರು ತೀರಿಕೊಂಡು ಎರಡು ವರ್ಷವಾಯಿತು. ಪಹಣಿ ಅಳಿಯಂದಿರ ಹೆಸರಿಗೆ ಬಾರದೆ ಕಿಸಾನ್ ರೊಕ್ಕ ಬಾರದು. 2019ರ ಫೆಬ್ರುವರಿ 1ರ ನಂತರ ಕೊಂಡ ಹೊಲಕ್ಕೆ ಈ ಯೋಜನೆ ಇಲ್ಲ, ಆದರೆ ವಾರಸಿನಿಂದ ಬಂದದ್ದಕ್ಕೆ ಉಂಟು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣ-ತಮ್ಮಂದಿರು ಒಪ್ಪಿ ಸಹಿ ಮಾಡಿದರೆ ಸಲೀಸು. ಒಬ್ಬರು ತಕರಾರು ಎತ್ತಿದರೂ ನಿಲ್ಲುತ್ತದೆ, ಆದ್ದರಿಂದ ಮೊದಲು ಮನೆಯಲ್ಲೇ ಮಾತಾಡಿ ಮುಗಿಸಿಕೊಳ್ಳಿ. ಪಹಣಿ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಅದಾದ ಮೇಲೆ ಕಿಸಾನ್ ನೋಂದಣಿ, ಇ-ಕೆವೈಸಿ. ಬೆಂಬಲ ಬೆಲೆಗೆ ಮಾರಲಿಕ್ಕೂ, ಬೆಳೆ ವಿಮೆಗೂ ಅದೇ ಐಡಿ ಬೇಕು. ಮುಂಗಾರಿ ತೊಗರಿಯ ವಿಮೆಗೆ ರೈತರ ಪಾಲು ಶೇ. 2. ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇರಬೇಕು. ವಿಮೆಯಲ್ಲಿ ತೊಗರಿ, ಸಮೀಕ್ಷೆಯಲ್ಲಿ ಸಜ್ಜೆ ಎಂದಾದರೆ ಪರಿಹಾರ ತಿರಸ್ಕಾರವಾಗುತ್ತದೆ.

ಬ್ಯಾಂಕಿನ ವಿಷಯದಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೋ. ಸರ್ಕಾರದ ರೊಕ್ಕ ಬರುವುದು ಆಧಾರಿಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಯಾರೋ ಹೇಳಿದರೆಂದು ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ ಮುಂದಿನ ಕಂತು ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ನೋಡಿಕೊಂಡು ರೊಕ್ಕ ನಿಂತಿತು ಎಂದು ಅಳುವವರು ಬಹಳ. ಊರಲ್ಲಿ ಹೆಬ್ಬೆಟ್ಟು ಒತ್ತಿ ತೆಗೆಯುವಾಗ ಚೀಟಿ ಬಾರದೆ ಎದ್ದು ಬರಬೇಡ. ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತು ಎಂದರೆ ಮೊದಲು ಶಿಲ್ಕು ಎಷ್ಟಿದೆ ಎಂದು ನೋಡಿಸು.

ಪುಕ್ಕಟೆ ರೊಕ್ಕ ಮಂದಿಯನ್ನು ಸೋಮಾರಿ ಮಾಡುತ್ತದೆ ಎಂದು ಕಟ್ಟೆಯ ಮೇಲೆ ಕೂತವರು ಅನ್ನುತ್ತಾರೆ. (ಕಟ್ಟೆಯ ಮೇಲೆ ಕೂತೇ ಅನ್ನುತ್ತಾರೆ, ಅದನ್ನೂ ಗಮನಿಸು.) ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011-12ರಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆಯವರು ಯುನಿಸೆಫ್ ನೆರವಿನಿಂದ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಆಮೇಲೆ 300 ಮತ್ತು 150 ರೂಪಾಯಿ ಯಾವ ಷರತ್ತೂ ಇಲ್ಲದೆ ಕೊಟ್ಟರು. ಸಣ್ಣ ರೈತರು ಬೀಜ-ಗೊಬ್ಬರಕ್ಕೆ ಹೆಚ್ಚು ಹಾಕಿದರು, ದನ-ಕುರಿ ಹೆಚ್ಚಾದವು, ಕೂಲಿಗೆ ಹೋಗುತ್ತಿದ್ದವರು ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು. ಕೀನ್ಯಾದ ರಾರಿಯೆಡಾದಲ್ಲಿ ದೊಡ್ಡ ಮೊತ್ತವನ್ನೇ ಕೊಟ್ಟಾಗ ಮಂದಿ ಹುಲ್ಲಿನ ಮಾಡು ತೆಗೆದು ತಗಡು ಹೊದಿಸಿದರು, ದನ ಕೊಂಡರು. ಕುಡಿತ, ತಂಬಾಕಿನ ಖರ್ಚು ಏರಲಿಲ್ಲ.

ದೋಷ ಇಲ್ಲವೆಂದಲ್ಲ. ರಾಯಚೂರಿನ ಗಡಿಯಾಚೆ ತೆಲಂಗಾಣದಲ್ಲಿ 2018ರಲ್ಲಿ ರೈತಬಂಧು ಎಕರೆಗೆ ಹಂಗಾಮಿಗೆ 4,000ದಂತೆ ಶುರುವಾಯಿತು. ಎಕರೆ ಲೆಕ್ಕವಾದ್ದರಿಂದ ಹೆಚ್ಚು ಹೊಲದವರಿಗೆ ಹೆಚ್ಚು, ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವವರಿಗೆ ಸೊನ್ನೆ. ನಮ್ಮ ಕಿಸಾನ್ ಕಂತು ಮನೆಗೆ ಇಷ್ಟೆಂದು ಇದೆ, ಆದರೆ ಲಾವಣಿದಾರರಿಗೆ ಇಲ್ಲಿಯೂ ಇಲ್ಲ. ನೀವು ಪಕ್ಕದ ಎರಡು ಎಕರೆ ಲಾವಣಿಗೆ ಹಿಡಿಯುವ ಯೋಚನೆಯಲ್ಲಿದ್ದರೆ ಅದರ ಖರ್ಚು ಈ ಲೆಕ್ಕಕ್ಕೆ ಸೇರಿಲ್ಲ, ನೆನಪಿರಲಿ.

ಗೃಹಲಕ್ಷ್ಮಿ ಬರುತ್ತದೆಂಬ ನೆಚ್ಚಿಕೆಯ ಮೇಲೆ ವಾರದ ಕಂತಿನ ಫೈನಾನ್ಸ್ ಸಾಲ ಮಾತ್ರ ಎತ್ತಬೇಡ. ಕಂತು ಎರಡು-ಮೂರು ತಿಂಗಳು ತಡವಾಗಿ ಕೂಡಿ ಬರುವುದನ್ನು ನೀನೇ ನೋಡಿದ್ದೀ. ಫೈನಾನ್ಸಿನವರು ವಾರ ತಪ್ಪಿಸುವುದಿಲ್ಲ. ದಬ್ಬಾಳಿಕೆಯ ವಸೂಲಿಗೆ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಆದರೆ ಸಾಲವೇನೂ ಅದರಿಂದ ತೀರುವುದಿಲ್ಲ. ಬೋರ್‌ವೆಲ್ಲಿನ ಮಾತನ್ನು ಅಳಿಯಂದಿರು ಎತ್ತಿದರೆ ಈ ವರ್ಷ ಬೇಡ ಎಂದು ನಾನೇ ಹೇಳಿದೆ ಅನ್ನು. ಗವಿಮಠದ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಿಕ್ಕೆ ಮಾತ್ರ ಲೆಕ್ಕ ನೋಡಬೇಡ.

ತೊಗರಿ ಮಾರಿದ ಮೇಲೆ ಉಳಿದರೆ ನಮ್ಮ ಕಡೆಯ ಕೆಂಗುರಿ ಎರಡು ತಗೊಳ್ಳಿ, ನಾಲ್ಕು ಹಲ್ಲಿನವು. ಆಗ ಮನೆಯಲ್ಲಿ ತೊಗರಿ ಹೊಟ್ಟು ಇರುತ್ತದೆ, ಮೇವು ಕೊಳ್ಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಬೇಕು. ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆತುಂಬ ತಿಂದು ರಾತ್ರೋರಾತ್ರಿ ಸಾಯುವುದು ಆ ರೋಗದಿಂದಲೇ. ಪಿಪಿಆರ್ (ಆಡು-ಕುರಿಗಳ ಪ್ಲೇಗು) ಲಸಿಕೆ, ಜಂತಿನ ಔಷಧವನ್ನೂ ಪಶು ಆಸ್ಪತ್ರೆಯಲ್ಲಿ ಕೇಳಿ. ಸುಗ್ಗಿ ಮುಗಿದ ಮೇಲೆ ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗದೆ ಒಬ್ಬರಾದರೂ ಊರಲ್ಲಿ ನಿಂತರೆ ಕುರಿಯೂ ಉಳಿಯುತ್ತವೆ, ಮಕ್ಕಳ ಶಾಲೆಯೂ ತಪ್ಪುವುದಿಲ್ಲ.

ರೊಕ್ಕ ನಿನ್ನ ಖಾತೆಗೆ ಬಂದರೂ 800ರ ಲೆಕ್ಕವನ್ನು ಅಳಿಯಂದಿರ ಎದುರಿಗೇ ಬರೆದಿಡು. ಪಂಚಮಿಗೆ ತವರಿಗೆ ಬರುವಾಗ ಪಾಸ್‌ಬುಕ್, ಆಧಾರ್, ಹಳೆಯ ಪಹಣಿ, ಮಾವನವರ ಮರಣ ಪ್ರಮಾಣಪತ್ರದ ಪ್ರತಿ ತೆಗೆದುಕೊಂಡು ಬಾ. ಪೌತಿ ಅರ್ಜಿಯನ್ನು ಅಂದೇ ಕೂತು ತುಂಬಿಸಿ ಕಳಿಸುತ್ತೇನೆ.

ಇಂತಿ ನಿನ್ನ ಸೋದರಮಾವ